ಹಲ್ಲಿನ ಚಿಕ್ಕಮ್ಮ ತಂಜಾವೂರಿಗೆ ಹೋದದ್ದು

ಬಾಗಿಲು ತೆಗೆದದ್ದು ನಾನೇ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಆದರೆ ಇರಲಾರದು. ಆಗ ನನಗೆ ಎಂಟೋ ಒಂಬತ್ತೋ, ಆ ಬಾಗಿಲಿನ ಮೇಲಿನ ಚಿಲಕ ಅಮ್ಮನಿಗೇ ಎಟುಕುತ್ತಿರಲಿಲ್ಲ. ಇರಲಿ, ಯಾರೋ ತೆಗೆದರು. ಗಂಡಿನ ಕಡೆಯವರು ಒಳಗೆ ಬಂದು ಚಾಪೆಯ ಮೇಲೆ ಕೂತರು. (ಕುರ್ಚಿಯೇ ಇದ್ದಿರಬಹುದು. ಚಾಪೆ ಎಂದರೆ ಕತೆ ಚೆನ್ನಾಗಿರುತ್ತದೆ.) ಆಗಷ್ಟೇ ಹಲ್ಲಿನ ಡಾಕ್ಟರಿಕೆ ಓದಿ ಮುಗಿಸಿದ್ದ ನನ್ನ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ಗಂಡು ತಲೆಯೆತ್ತಿ ಮುಗುಳ್ನಕ್ಕ. ಚಿಕ್ಕಮ್ಮ ತಟ್ಟೆ ಕೆಳಗಿಟ್ಟು, ಅವನ ಮುಖಕ್ಕೆ ಒಂದು ಗೇಣು ಹತ್ತಿರ ಬಗ್ಗಿದಳು.

“ಇನ್ನೂ ಸ್ವಲ್ಪ ನಗಿ.”

ಆತ ನಾಚಿಕೊಂಡು ಇನ್ನೂ ಸ್ವಲ್ಪ ನಕ್ಕ. ಎರಡೂ ಕಡೆಯ ಹಿರಿಯರು ಸಂತೋಷದಿಂದ ಮುಖ ಮುಖ ನೋಡಿಕೊಂಡರು.

“ಕೆಳಗಡೆ ಬಲಕ್ಕೆ, ಕೊನೇದಕ್ಕಿಂತ ಮುಂಚಿಂದು ಹುಳುಕಾಗಿದೆ. ನೋವಿದ್ಯಾ?”

“ಇ... ಇದೆ.”

“ನಾಳೆ ಹತ್ತು ಗಂಟೆಗೆ ಬನ್ನಿ. ಕಿತ್ತಾಕ್ತೀನಿ.”

ಹಲ್ಲು ಹೋಯಿತು, ಸಂಬಂಧವೂ ಹೋಯಿತು. ಆದರೆ ಆ ಮನುಷ್ಯ ಇವತ್ತಿಗೂ ಚಿಕ್ಕಮ್ಮನ ಪೇಷಂಟು! ಹೆಂಡತಿಯನ್ನು, ಮಕ್ಕಳನ್ನು, ಈಚೆಗೆ ಅಳಿಯನನ್ನೂ ಕರೆದುಕೊಂಡು ಬರುತ್ತಾನೆ. ಮದುವೆಯಾಗಿದ್ದರೆ ಇಷ್ಟು ನಿಷ್ಠೆಯಿಂದ ಇರುತ್ತಿದ್ದನೇ?

ನನ್ನ ಚಿಕ್ಕಮ್ಮನಿಗೆ ಮನುಷ್ಯರ ಪರಿಚಯವೇ ಇಲ್ಲ. ಪರಿಚಯವಿರುವುದು ಹಲ್ಲುಗಳದ್ದು. ದೊಡ್ಡಬಳ್ಳಾಪುರದಲ್ಲಿ ಒಂದು ರೇಷ್ಮೆ ಸೀರೆ ಅಂಗಡಿಯ ಮಹಡಿಯ ಮೇಲೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕ್ಲಿನಿಕ್ ನಡೆಸಿದ್ದಾಳೆ. ತಾಲ್ಲೂಕಿನ ಅರ್ಧ ಜನ ಅವಳ ಮುಂದೆ ಬಾಯಿ ತೆರೆದಿದ್ದಾರೆ. ಆದರೆ ಛತ್ರದಲ್ಲಿ ಯಾರಾದರೂ ಎದುರು ಬಂದು “ಗುರುತು ಸಿಕ್ತಾ ಡಾಕ್ಟ್ರೇ?” ಎಂದರೆ ಅವಳ ಮುಖ ಖಾಲಿ ಗೋಡೆಯ ಹಾಗೆ. “ಸ್ವಲ್ಪ ನಗಿ” ಅನ್ನುತ್ತಾಳೆ. ಅವರು ನಗುತ್ತಾರೆ. ತಕ್ಷಣ ಗೋಡೆಗೆ ದೀಪ ಹತ್ತುತ್ತದೆ: “ಓ! ಅನುಗೊಂಡನಹಳ್ಳಿ! ಮೇಲೆ ಎರಡು ರೂಟ್ ಕೆನಾಲು!” ಊಟದ ಪಂಕ್ತಿಯವರೆಲ್ಲ ತಿರುಗಿ ನೋಡುತ್ತಾರೆ.

ಸಾವಿನ ಮನೆಯಲ್ಲಿ ಮಾತ್ರ ಅವಳಿಗೆ ಬಹಳ ಕಷ್ಟ. ಅಲ್ಲಿ ಯಾರೂ ನಗುವುದಿಲ್ಲವಲ್ಲ! ಒಮ್ಮೆ ನಮ್ಮ ಹತ್ತಿರದ ನೆಂಟರೊಬ್ಬರು ತೀರಿಕೊಂಡಾಗ, ಬಾಗಿಲಲ್ಲಿ ನಿಂತಿದ್ದ ಹಾಲಿನವನ ಎರಡೂ ಕೈ ಹಿಡಿದು, “ತಂದೆ ಥರ ಇದ್ರು, ಧೈರ್ಯ ತಗೊಳಪ್ಪ” ಎಂದು ಕಣ್ಣೀರು ಹಾಕಿದಳು. ಅವನು ಧೈರ್ಯ ತೆಗೆದುಕೊಂಡು, ಹಾಲು ಕೊಟ್ಟು ಹೋದ.

ಇದೆಲ್ಲ ಸಾಧಾರಣ. ಅವಳ ನಿಜವಾದ ವಿದ್ಯೆ ಬೇರೆಯೇ ಇದೆ. ಹಲ್ಲು ನೋಡಿ ಊರು ಹೇಳುತ್ತಾಳೆ. ನಮ್ಮ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಜಾಸ್ತಿ. ಚಿಕ್ಕ ವಯಸ್ಸಿನಲ್ಲಿ, ಶಾಶ್ವತ ಹಲ್ಲುಗಳು ಒಸಡಿನೊಳಗೆ ತಯಾರಾಗುವ ಕಾಲದಲ್ಲಿ, ಆ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಗೆರೆಗಳು ಬೀಳುತ್ತವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಉಳಿದ ದಂತವೈದ್ಯರಿಗೆ ಅದು ಕಲೆ. ಚಿಕ್ಕಮ್ಮನಿಗೆ ಅದು ವಿಳಾಸ.

“ಯಾವೂರು?”

“ದಾಬಸ್‌ಪೇಟೆ, ಮೇಡಂ.”

“ಸುಳ್ಳು. ಹಲ್ಲು ಹಂಗೆ ಹೇಳ್ತಿಲ್ಲ.”

“ಆಧಾರ್ ಕಾರ್ಡು ತೋರಿಸ್ಲಾ ಮೇಡಂ?”

“ಆಧಾರ್ ಕಾರ್ಡು ಆಮೇಲೆ ಬಂದಿದ್ದು. ಹಲ್ಲು ಮೊದಲು ಬಂದಿದ್ದು.”

ಕ್ಲಿನಿಕ್ಕಿನ ಸಹಾಯಕಿ ನಸ್ರೀನ್ ಇಪ್ಪತ್ತು ವರ್ಷದಿಂದ ಇದನ್ನು ನೋಡಿದವಳು. ಪೇಷಂಟಿನ ಕಿವಿಯ ಹತ್ತಿರ ಬಗ್ಗಿ, “ಅಣ್ಣಾ, ನಿಜ ಹೇಳ್ಬಿಡಿ. ಇವ್ರು ಬಿಡಲ್ಲ” ಎಂದಳು. ಆತ ಒಪ್ಪಿಕೊಂಡ: ಎಂಟು ವರ್ಷದವರೆಗೆ ಬೆಳೆದದ್ದು ಸಾಸಲು ಕಡೆ, ಅಜ್ಜಿ ಮನೆಯಲ್ಲಿ. “ಅದೂ ಶಾಲೆ ಪಕ್ಕದ ಬೋರು” ಎಂದು ಚಿಕ್ಕಮ್ಮ ಸೇರಿಸಿದಳು. ಇನ್ನು ಸ್ವಲ್ಪ ಬಿಟ್ಟಿದ್ದರೆ ಎಷ್ಟು ಅಡಿ ಆಳ ಎಂದೂ ಹೇಳುತ್ತಿದ್ದಳು!

ಇಂಥ ಕಂದು ಹಲ್ಲಿನವರಿಗೆ ಅವಳು ಮೇಲ್ಪದರ ಹದವಾಗಿ ತೀಡಿ, ಬಿಳಿಯ ಲೇಪ ಕೊಟ್ಟು ಮುತ್ತಿನ ಹಾಗೆ ಮಾಡಿ ಕಳಿಸುತ್ತಾಳೆ. ತಾಲ್ಲೂಕಿನಲ್ಲಿ ಈ ಕೆಲಸಕ್ಕೆ ಅವಳ ಹೆಸರೇ ಹೆಸರು. ಎಷ್ಟು ಮದುವೆಗಳು ಅವಳ ಕೈಯಿಂದ ಕುದುರಿವೆಯೋ!

ಒಬ್ಬನಿಗೆ ಮಾತ್ರ ಮಾಡಲಿಲ್ಲ. ನನಗೆ.

ನಾನೂ ಸಾಸಲಿನ ಆಚೆಯ ಹಳ್ಳಿಯಲ್ಲಿ ಎಂಟು ವರ್ಷದವರೆಗೆ ಬೆಳೆದವನು. ನನ್ನ ಮುಂದಿನ ನಾಲ್ಕು ಹಲ್ಲುಗಳು ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆದ ಹಾಗಿವೆ. ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಹೀಗಿಲ್ಲ. ಚಿಕ್ಕಮ್ಮನದಂತೂ ಮಲ್ಲಿಗೆ ಮೊಗ್ಗು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಹೆಣ್ಣು ನೋಡಲು ಹೋಗುವ ಮುಂಚೆ ಅವಳ ಹತ್ತಿರ ಹೋಗಿ ಕೇಳಿದೆ.

“ಚಿಕ್ಕಮ್ಮ, ನಂಗೂ ಬೆಳ್ಳಗೆ ಮಾಡ್ಕೊಡು.”

“ಗಟ್ಟಿ ಇದಾವೆ. ಹೋಗು.”

“ನೋಡೇ ಇಲ್ವಲ್ಲ ನೀನು!”

“ನೋಡ್ಬೇಕಾಗಿಲ್ಲ. ಹೋಗು ಅಂದ್ನಲ್ಲ.”

ನೋಡಲೇ ಇಲ್ಲ! ಬೀದಿಯಲ್ಲಿ ಹೋಗುವವರ ಬಾಯಿಗೆ ಇಣುಕುವವಳು ನನ್ನ ಬಾಯಿಗೆ ಒಂದು ದಿನ ಇಣುಕಿದವಳಲ್ಲ. ನನಗೆ ಹಲ್ಲುನೋವು ಬಂದರೆ ಯಲಹಂಕದ ಇನ್ನೊಬ್ಬ ಡಾಕ್ಟರಿಗೆ ಚೀಟಿ ಬರೆದುಕೊಡುತ್ತಿದ್ದಳು. ಎಲ್ಲರ ಜೊತೆ ಬಾಯಿ ನೋಡಿಕೊಂಡು ಮಾತಾಡುವವಳು ನನ್ನ ಜೊತೆ ಮಾತ್ರ ಹಣೆ ನೋಡಿಕೊಂಡು ಮಾತಾಡುತ್ತಿದ್ದಳು. ಸ್ವಂತದವರಿಗೆ ಚಿಕಿತ್ಸೆ ಮಾಡಬಾರದು ಎನ್ನುವ ನಿಯಮವಿರಬಹುದು ಎಂದಳು ಅಮ್ಮ. ಹಾಗಾದರೆ ಅಜ್ಜಿಯ ಹದಿಮೂರು ಹಲ್ಲು ಕಿತ್ತವರು ಯಾರು?

ಬೇರೆ ಡಾಕ್ಟರ ಹತ್ತಿರ ಮಾಡಿಸಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೇಳಬೇಡಿ. ಅವಳೇ ಮಾಡಬೇಕಿತ್ತು. ಹಠವೆಂದರೆ ಹಠ. ದೊಡ್ಡ ಮೀಸೆ ಬಿಟ್ಟೆ, ಬಾಯಿ ಮುಚ್ಚಿ ನಗುವುದು ಕಲಿತೆ, ಮದುವೆಯೂ ಆಯಿತು. “ನಿಮ್ಮ ಹಲ್ಲು ನಾನು ನೋಡಿದ್ದೇ ಮದುವೆಯಾದ ಎರಡನೇ ವಾರ” ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ಆದರೆ ಒಳಗೊಂದು ಮುಳ್ಳು ಹಾಗೇ ಉಳಿಯಿತು: ಊರಿಗೆಲ್ಲ ಮಾಡಿದವಳು ನನಗೇಕೆ ಮಾಡಲಿಲ್ಲ?

ಇನ್ನು ಆ ಫೋಟೋ ವಿಷಯಕ್ಕೆ ಬರೋಣ. ಚಿಕ್ಕಮ್ಮನ ಕಾಲೇಜಿನ ಗೆಳತಿಯೊಬ್ಬಳು ಮೊಬೈಲಿಗೆ ಒಂದು ಚಿತ್ರ ಕಳಿಸಿದಳು. ಗೋಡೆಯೊಂದಕ್ಕೆ ಒರಗಿ ನಗುತ್ತಿರುವ ಐವರು ಮಕ್ಕಳು. “ಯಾವೂರಿನವರು ಹೇಳು ನೋಡೋಣ” ಎಂಬ ಸವಾಲು. ಮುಖ ನೋಡಿದ್ದರೆ ಯಾರು ಬೇಕಾದರೂ ಹೇಳಬಹುದಿತ್ತು. ಆದರೆ ನಮ್ಮವಳು ಮುಖ ನೋಡುವವಳೇ? ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ, ಐದು ಬಾಯಿಗಳನ್ನೂ ಪರೀಕ್ಷಿಸಿ, ಕ್ಷಣದಲ್ಲಿ ಉತ್ತರ ಕೊಟ್ಟಳು: “ಸಾಸಲು ಹೋಬಳಿ.”

ಉತ್ತರ ಬಂತು: “ಟಾಂಜಾನಿಯಾ.”

ಆ ಸಂಜೆ ಚಿಕ್ಕಮ್ಮ ಕ್ಲಿನಿಕ್ಕಿಗೆ ಹೋಗಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ತಪ್ಪು! ಆ ಗೆಳತಿ ಅಲ್ಲಿ ಬೆಟ್ಟದ ಬುಡದ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲೂ ನೀರಿನಲ್ಲಿ ಇದೇ ಲವಣವಂತೆ. ಹಲ್ಲಿನ ಡಾಕ್ಟರು ಯಾರೂ ಇಲ್ಲ, ಸ್ವಯಂಸೇವೆಗೆ ಬರುವವರಿದ್ದರೆ ಊಟ ವಸತಿ ಕೊಡುತ್ತಾರಂತೆ. ಚಿಕ್ಕಮ್ಮ ಹೊರಟೇಬಿಟ್ಟಳು. ಅರವತ್ತನೇ ವಯಸ್ಸಿನಲ್ಲಿ! ಸೇವೆಗೆ ಎಂದು ಊರವರು ಹೊಗಳಿದರು. ನನ್ನ ಅನುಮಾನವೆಂದರೆ, ತಾನು ತಪ್ಪು ಹೇಳಿರಲು ಸಾಧ್ಯವೇ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಹೋದಳು.

ಅಜ್ಜಿಗೆ ಹೇಳುವ ಕೆಲಸ ಉಳಿದಿತ್ತು. ಅಜ್ಜಿಗೆ ಕಿವಿ ಸ್ವಲ್ಪ ಮಂದ, ಉತ್ಸಾಹ ಜಾಸ್ತಿ.

“ಅಮ್ಮ, ಟಾಂಜಾನಿಯಾಕ್ಕೆ ಹೋಗ್ತಿದೀನಿ. ಮೂರು ತಿಂಗಳು.”

“ತಂಜಾವೂರಿಗಾ? ಹೋಗ್ಬಿಟ್ಟು ಬಾ. ದೊಡ್ಡ ದೇವಸ್ಥಾನ ಇದೆ. ಬರ್ತಾ ತಲೆ ಆಡಿಸೋ ಬೊಂಬೆ ತಗೊಂಡು ಬಾ.”

“ತಂಜಾವೂರಲ್ಲಮ್ಮ! ಅಲ್ಲಿ ಕೆಲಸಕ್ಕೆ ಹೋಗ್ತಿರೋದು.”

“ಸಂಬಳ ಎಷ್ಟಂತೆ?”

“ಸಂಬಳ ಇಲ್ಲ. ಸೇವೆ.”

“ಹಂಗಾದ್ರೆ ತಂಜಾವೂರೇ!”

ಮಾರನೆಯ ದಿನ ಬೀದಿಗೆಲ್ಲ ಸುದ್ದಿ ಮುಟ್ಟಿತು. ಎದುರು ಮನೆಯಾಕೆ, “ನಮ್ಮ ಬೀಗರು ಕುಂಭಕೋಣದಲ್ಲೇ ಇರೋದು, ಏನಾದ್ರೂ ಬೇಕಾದ್ರೆ ಫೋನ್ ಮಾಡೋಕೆ ಹೇಳಿ” ಎಂದು ನಂಬರು ಬರೆದುಕೊಟ್ಟಳು. ನಸ್ರೀನ್ ಮಾತ್ರ ವಿಷಯ ಸರಿಯಾಗಿ ತಿಳಿದು ಚಿಂತೆಗೆ ಬಿದ್ದಳು.

“ಡಾಕ್ಟ್ರಮ್ಮಾ, ಅಲ್ಲಿ ನಿಮ್ದು ಮಾತು ಯಾರಿಗೆ ತಿಳೀತದೆ?”

“ಇಲ್ಲಿ ಯಾರು ಉತ್ತರ ಕೊಡ್ತಾರೆ ನಸ್ರೀನ್? ಎಲ್ಲಾ ಬಾಯಿ ತೆಗೆದಿರ್ತಾರೆ.”

ಇದು ನಿಜ. ಕೆಲಸ ಮಾಡುವಾಗ ಚಿಕ್ಕಮ್ಮ ಒಂದು ನಿಮಿಷ ಸುಮ್ಮನಿರುವವಳಲ್ಲ. ಮಗಳ ಮದುವೆ ಆಯ್ತಾ ಎಂದು ಕೇಳುತ್ತಾಳೆ, ಪೇಷಂಟು “ಆಂ ಆಂ” ಎನ್ನುತ್ತದೆ, ಆಗಲಿಲ್ವಾ ಪಾಪ ಎಂದು ತಾನೇ ಉತ್ತರ ಹೇಳಿಕೊಂಡು ಎರಡು ವರ ಸೂಚಿಸಿಬಿಡುತ್ತಾಳೆ.

ಅಲ್ಲಿಂದ ನನ್ನ ಮೊಬೈಲಿಗೆ ಅವಳ ಧ್ವನಿ ಸಂದೇಶಗಳು ಬರತೊಡಗಿದವು. ಒಂದೊಂದು ಏಳು ನಿಮಿಷ, ಎಂಟು ನಿಮಿಷ. ಹಿನ್ನೆಲೆಯಲ್ಲಿ ಕೋಳಿ. ನಾನು ಅವನ್ನೆಲ್ಲ ಎರಡರಷ್ಟು ವೇಗದಲ್ಲಿ ಕೇಳುತ್ತಿದ್ದೆ. ಗಿಣಿ ಮಾತಾಡಿದ ಹಾಗಿರುತ್ತಿತ್ತು. ಆ ಫೋನು ಆಮೇಲೆ ನೀರಿಗೆ ಬಿದ್ದು ಹಾಳಾಯಿತು, ಸಂದೇಶಗಳೂ ಹೋದವು. ಇಲ್ಲಿ ಬರೆಯುತ್ತಿರುವುದು ನನ್ನ ತಲೆಯಲ್ಲಿ ಉಳಿದಷ್ಟು. ತಲೆ ಎಷ್ಟನ್ನು ಇಟ್ಟುಕೊಂಡಿತು, ಎಷ್ಟನ್ನು ತಾನೇ ಸೇರಿಸಿತು ಎಂದು ಕೇಳಿದರೆ ನಾನು ಜವಾಬ್ದಾರನಲ್ಲ.

ಮೊದಲ ದೂರು: ಅಲ್ಲಿ ಎಲ್ಲರೂ ಅವಳನ್ನು “ಮಾಮ” ಎನ್ನುತ್ತಾರೆ! “ಮೂರು ದಿನ ಸುಮ್ನಿದ್ದೆ ಕಣೋ. ನಾಲ್ಕನೇ ದಿನ ಸೀರೆ ಸೆರಗು ಎತ್ತಿ ತೋರಿಸ್ದೆ, ನೋಡ್ರಪ್ಪ, ನಾನು ಹೆಂಗಸು, ಅತ್ತೆ ಅನ್ನಿ ಬೇಕಾದ್ರೆ ಅಂತ.” ಅಲ್ಲಿ ಅಮ್ಮನಂಥವಳಿಗೆ ಮಾಮ ಎನ್ನುವುದು ಗೌರವ ಎಂದು ಗೆಳತಿ ವಿವರಿಸಿದ ಮೇಲೆ ಸಮಾಧಾನವಾಯಿತು. ಆದರೂ “ಮಾಮ” ಎಂದು ಯಾರಾದರೂ ಕೂಗಿದರೆ ಮೊದಲು ಹಿಂದೆ ತಿರುಗಿ ನೋಡುತ್ತಿದ್ದಳಂತೆ, ಯಾರ ಸೋದರಮಾವ ಬಂದ ಎಂದು.

ಎರಡನೆಯದು ಇನ್ನೂ ಗಂಭೀರ. ಅವಳ ಪಕ್ಕ ನಿಲ್ಲುವ ನರ್ಸು ನೇಮಾ ಎಂಬಾಕೆ, ಪೇಷಂಟಿಗೆ ಸೂಜಿ ಚುಚ್ಚಿದಾಗಲೆಲ್ಲ “ಪೋಲೆ, ಪೋಲೆ” ಎನ್ನುತ್ತಿದ್ದಳು. ಚಿಕ್ಕಮ್ಮನ ಕಿವಿಗೆ ಅದು ಬಿದ್ದದ್ದು “ಪೋಲಿ, ಪೋಲಿ” ಎಂದು. ಎಪ್ಪತ್ತು ವರ್ಷದ ಮುದುಕರೊಬ್ಬರು ನೋವಿನಿಂದ ಕೈ ಹಿಡಿದುಕೊಂಡಿದ್ದಾರೆ, ಇವಳು ಪೋಲಿ ಅನ್ನುತ್ತಾಳಲ್ಲ! ಆ ಮುದುಕ ಯಾರ ಕೈ ಹಿಡಿದುಕೊಂಡಿದ್ದ ಎಂಬ ಬಗ್ಗೆ ಎರಡು ಸಂದೇಶಗಳಲ್ಲಿ ಎರಡು ಪಾಠವಿತ್ತು. ಒಂದರಲ್ಲಿ ಕುರ್ಚಿಯ ಕೈ, ಇನ್ನೊಂದರಲ್ಲಿ ನೇಮಾಳ ಕೈ. ಅಂತೂ ಚಿಕ್ಕಮ್ಮ ಅವಳನ್ನು ಹೊರಗೆ ಕರೆದು, ಕನ್ನಡ, ಇಂಗ್ಲಿಷು, ಕೈಸನ್ನೆ ಮೂರನ್ನೂ ಸೇರಿಸಿ ಬೈದಳು. ನೇಮಾ ಎಲ್ಲವನ್ನೂ ಕೇಳಿಸಿಕೊಂಡು, ಕರುಣೆಯಿಂದ ಇವಳ ಭುಜ ಮುಟ್ಟಿ “ಪೋಲೆ, ಮಾಮ” ಎಂದಳಂತೆ!

“ಪೋಲಿನೂ ನಾನೇ, ಮಾಮನೂ ನಾನೇ ಆಗ್ಬಿಟ್ನಲ್ಲೋ!”

ಆಮೇಲೆ ತಿಳಿಯಿತು. ಇನ್ನೊಬ್ಬರಿಗೆ ನೋವಾದಾಗ, ತಪ್ಪು ಯಾರದೇ ಇರಲಿ, ಅಲ್ಲಿಯವರು ಪೋಲೆ ಎನ್ನುತ್ತಾರೆ. ನಮ್ಮ ‘ಅಯ್ಯೋ ಪಾಪ’ಕ್ಕಿಂತ ಹತ್ತಿರದ್ದು, ‘ಕ್ಷಮಿಸಿ’ಗಿಂತ ಸುಲಭದ್ದು. ಎಡವಿದವನಿಗೂ ಪೋಲೆ, ದಣಿದು ಬಂದವನಿಗೂ ಪೋಲೆ. ಚಿಕ್ಕಮ್ಮನಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಫೋನಿನಲ್ಲಿ ಅಜ್ಜಿ ಮಂಡಿನೋವು ಎಂದಾಗ “ಪೋಲೆ ಅಮ್ಮ, ಪೋಲೆ” ಎಂದುಬಿಟ್ಟಳು. ಅಜ್ಜಿ ಫೋನು ನನ್ನ ಕೈಗೆ ತುರುಕಿದಳು: “ತಂಜಾವೂರಿಗೆ ಹೋಗಿ ಹಾಳಾಗೋದ್ಳು. ಹೆತ್ತ ತಾಯಿನ ಪೋಲಿ ಅಂತಾಳೆ!”

ಎರಡೂವರೆ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಒಂದು ಸಂದೇಶ ಬಂತು. ಇಪ್ಪತ್ತೆರಡು ನಿಮಿಷದ್ದು. ನಾನು ನೆಲಮಂಗಲದ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದೆ. ಕಿವಿಗೆ ಸಿಕ್ಕಿಸಿಕೊಂಡು, ಅಭ್ಯಾಸದಂತೆ ಎರಡರಷ್ಟು ವೇಗಕ್ಕೆ ಹಾಕಿದೆ. ಮೊದಲು ಎಂಜಲು ಹೀರುವ ನಳಿಕೆಯ ಸದ್ದು. ಆಮೇಲೆ ಗಿಣಿ ಧ್ವನಿಯಲ್ಲಿ ಚಿಕ್ಕಮ್ಮ, “ಬಾಯಿ ದೊಡ್ಡದು ಮಾಡು... ಹಾಂ.” ನನಗಲ್ಲ. ಕುರ್ಚಿಯ ಮೇಲಿನ ಯಾರಿಗೋ. ಫೋನು ಕೋಟಿನ ಜೇಬಿನಲ್ಲಿ ತಾನಾಗೇ ರೆಕಾರ್ಡ್ ಆಗುತ್ತಿತ್ತೇನೋ.

ಆವತ್ತು ಒಬ್ಬ ಹುಡುಗಿಯ ಹಲ್ಲು ಬೆಳ್ಳಗೆ ಮಾಡುವುದಿದೆ ಎಂದು ಹಿಂದಿನ ಸಂದೇಶಗಳಲ್ಲಿ ಹೇಳಿದ್ದಳು. ಪ್ರವಾಸಿಗರ ವಸತಿಗೃಹವೊಂದರಲ್ಲಿ ಬಂದವರನ್ನು ಸ್ವಾಗತಿಸುವ ಕೆಲಸ ಸಿಕ್ಕಿತ್ತು ಅವಳಿಗೆ. ಆದರೆ ಮಾತಾಡುವಾಗಲೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಮುಂದಿನ ನಾಲ್ಕು ಹಲ್ಲು ಕಂದು.

ನಾನು ವೇಗ ಇಳಿಸಿದೆ.

“ನಿಂಗೆ ಕನ್ನಡ ಬರಲ್ಲ, ಅದಕ್ಕೇ ಹೇಳ್ತೀನಿ ಕಣಮ್ಮ. ನಮ್ಮನೇಲೂ ಒಂದು ಮಗು ಇತ್ತು. ನಮ್ಮಕ್ಕನ ಮಗ. ಮನೇಲೆಲ್ಲಾ ಬಾವಿ ನೀರು ಕುಡೀತಿದ್ರು. ನಾನು ಕಾಲೇಜು ಸೇರಿ ಇನ್ನೂ ವರ್ಷ ಆಗಿರ್ಲಿಲ್ಲ. ದೊಡ್ಡ ಡಾಕ್ಟ್ರು ಥರ ಬಂದು ಹೇಳ್ದೆ, ಬಾವಿ ನೀರಲ್ಲಿ ಕ್ರಿಮಿ ಇರುತ್ತೆ, ಮಗೂಗೆ ಬೋರಿಂದೇ ಕೊಡಿ, ಅದನ್ನೂ ಚೆನ್ನಾಗಿ ಕುದಿಸಿ ಕೊಡಿ ಅಂತ. ರುಚಿ ಇಲ್ಲ ಅಂತ ಬೇರೆ ಯಾರೂ ಕುಡೀಲಿಲ್ಲ. ಅವನೊಬ್ಬನಿಗೇ ಕುಡಿಸಿದ್ರು. ಓದಿರೋಳು ಹೇಳಿದಾಳೆ ಅಂತ...”

ಇಲ್ಲಿ ಯಂತ್ರದ ಸದ್ದು. ಎಷ್ಟು ಹೊತ್ತೋ. ಸಾರು ಆರುತ್ತಿತ್ತು.

“...ಕೊನೇ ವರ್ಷದಲ್ಲಿ ಗೊತ್ತಾಯ್ತು. ಕುದಿಸಿದ್ರೆ ನೀರು ಕಮ್ಮಿ ಆಗುತ್ತೆ, ಫ್ಲೋರೈಡ್ ಹಂಗೇ ಉಳಿಯುತ್ತೆ, ಇನ್ನೂ ಗಟ್ಟಿ ಆಗುತ್ತೆ ಅಂತ. ರಜಕ್ಕೆ ಊರಿಗೆ ಹೋದೆ. ಆಗ ಅವನಿಗೆ ಏಳು ವರ್ಷ. ಹೊಸಾ ಹಲ್ಲು ಬಂದಿದ್ವು. ಬಾಗಿಲಿಂದ್ಲೇ ಓಡ್ಬಂದ, ಚಿಕ್ಕಿ, ಹಲ್ಲು ನೋಡು, ಹಲ್ಲು ನೋಡು ಅಂತ. ನೋಡ್ದೆ. ಅಷ್ಟೇ. ಆಮೇಲೆ ಅವನ ಬಾಯಿ ನೋಡಕ್ಕೆ ನನ್ನ ಕೈಲಿ ಆಗ್ಲಿಲ್ಲ. ಬೆಳ್ಳಗೆ ಮಾಡ್ಕೊಡು ಅಂತ ಕೇಳ್ದ, ದೊಡ್ಡವನಾದ್ಮೇಲೆ. ಏನಂತ ಮಾಡ್ಲಿ? ನಾನೇ ಬಳಿದಿದ್ದನ್ನ ನಾನೇ ಒರೆಸಿ, ನಾಲ್ಕು ಜನರ ಹತ್ರ ಭೇಷ್ ಅನ್ನಿಸ್ಕೊಳ್ಲಾ?... ಮುಗೀತು. ಹತ್ತಿ ತೆಗೀತೀನಿ ಇರು.”

ಆಮೇಲೆ ಆ ಹುಡುಗಿಯ ಧ್ವನಿ, ಮೊದಲ ಸಲ, ಬಹಳ ಮೆತ್ತಗೆ.

“ಪೋಲೆ, ಮಾಮ.”

ಚಿಕ್ಕಮ್ಮ ಮೂಗು ಒರೆಸಿಕೊಂಡ ಸದ್ದು. “ಏನು ಅರ್ಥ ಆಯ್ತೋ ನಿಂಗೆ. ತೊಳ್ಕೋ. ಉಗಿ.”

ಮಾಣಿ ಬಂದು “ಏನ್ ಗುರು, ಊಟ ಚೆನ್ನಾಗಿಲ್ವಾ?” ಎಂದ. ಚೆನ್ನಾಗಿದೆ ಎಂದೆ.

ಮನೆಗೆ ಬಂದು ಅಜ್ಜಿಯನ್ನು ಕೇಳಿದೆ: ನನಗೆ ಬೋರು ನೀರು ಕುದಿಸಿ ಕೊಡಿ ಎಂದವರು ಯಾರು? “ಯಾರಿಗ್ಗೊತ್ತೋ. ಬಾವಿ ದೂರ ಇತ್ತು, ಬೋರು ಹತ್ರ ಇತ್ತು. ನಿಮ್ಮಮ್ಮ ಸೋಮಾರಿ.” ಅಮ್ಮನನ್ನು ಕೇಳಿದೆ. “ನಿಂಗೆ ಒಂದ್ಸಲ ಭೇದಿ ಆಗಿತ್ತು, ಯಾರೋ ನರ್ಸಮ್ಮ ಹೇಳಿದ್ಲು” ಎಂದಳು. ಚಿಕ್ಕಮ್ಮ ಹೇಳಿದ್ದು ಇಬ್ಬರಿಗೂ ನೆನಪಿಲ್ಲ. ಮೂವತ್ತೈದು ವರ್ಷ ಅವಳು ಹೊತ್ತುಕೊಂಡು ತಿರುಗಿದ ತಪ್ಪು ಅವಳದೇ ಹೌದೋ ಅಲ್ಲವೋ! ಅವಳು ಹೊತ್ತದ್ದಂತೂ ಹೌದು.

ವಾಪಸು ಬಂದ ದಿನ ದೇವನಹಳ್ಳಿಯ ಏರ್‌ಪೋರ್ಟಿಗೆ ನಾನೇ ಕಾರು ತೆಗೆದುಕೊಂಡು ಹೋದೆ. ಹೊರಗೆ ಬಂದಳು. ಒಂದಿಷ್ಟು ಕಪ್ಪಾಗಿದ್ದಳು, ಖುಷಿಯಾಗಿದ್ದಳು. ಕೂತವಳು ಅಲ್ಲಿಯ ಬಾಳೆಕಾಯಿ ಪಲ್ಯದ ಬಗ್ಗೆ, ನೇಮಾಳ ಮಗಳ ದವಡೆಹಲ್ಲಿನ ಬಗ್ಗೆ ಒಂದೇ ಸಮ ಮಾತಾಡಿದಳು. ಟೋಲ್ ದಾಟಿದ ಮೇಲೆ ಕೇಳಿದಳು.

“ನನ್ನ ಮೆಸೇಜೆಲ್ಲಾ ಕೇಳಿದ್ಯಾ?”

“ಕೇಳ್ದೆ.”

“ಎಲ್ಲಾನೂ?”

“ಕೆಲವು ಕಡೆ ಮೆಷಿನ್ ಸದ್ದು ಜಾಸ್ತಿ ಇತ್ತು.”

“ಹೂಂ” ಎಂದು ಕಿಟಕಿಯಾಚೆ ನೋಡಿದಳು. ಅಲ್ಲಿ ದ್ರಾಕ್ಷಿ ತೋಟವಿತ್ತು. ಬಹಳ ಆಸಕ್ತಿಯಿಂದ ನೋಡಿದಳು.

ಸೋಮವಾರ ಹೇಳದೆ ಕೇಳದೆ ಕ್ಲಿನಿಕ್ಕಿಗೆ ಹೋದೆ. “ಏನಣ್ಣಾ, ರಸ್ತಾ ತಪ್ಪಿ ಬಂದ್ರಾ?” ಎಂದಳು ನಸ್ರೀನ್. ನಾನು ಸೀದಾ ಹೋಗಿ ಕುರ್ಚಿಯ ಮೇಲೆ ಒರಗಿದೆ. ಕೈ ತೊಳೆದುಕೊಂಡು ತಿರುಗಿದ ಚಿಕ್ಕಮ್ಮ ನಿಂತುಬಿಟ್ಟಳು.

“ಚಿಕ್ಕಿ,” ಎಂದೆ, “ಹಲ್ಲು ನೋಡು.”

ಅವಳು ದೀಪ ಹಾಕಿಕೊಂಡು, ಕನ್ನಡಿ ಹಿಡಿದು, ನೋಡಿದಳು. ಬಹಳ ಹೊತ್ತು ನೋಡಿದಳು. ಒಂದು ಮಾತೂ ಆಡಲಿಲ್ಲ. ನಸ್ರೀನ್ ಗಾಬರಿಯಾಗಿ, “ಡಾಕ್ಟ್ರಮ್ಮಾ, ಹುಷಾರಿದೀರಾ?” ಎಂದು ಕೇಳಿದಳು. ಬೆಳ್ಳಗೆ ಮಾಡು ಎಂದು ನಾನು ಕೇಳಲಿಲ್ಲ, ಮಾಡಲಾ ಎಂದು ಅವಳೂ ಕೇಳಲಿಲ್ಲ. ನೋಡಿ ಮುಗಿದ ಮೇಲೆ ನನ್ನ ಕೆನ್ನೆಯ ಮೇಲೆ ಅಂಗೈ ಇಟ್ಟು ತೆಗೆದಳು, ಅಷ್ಟೆ.

ಆ ಸಂದೇಶ ಕೈತಪ್ಪಿ ಬಂದದ್ದೋ, ಕಳಿಸಿದ್ದೋ, ನನಗೆ ಗೊತ್ತಿಲ್ಲ. ಕೇಳಿಲ್ಲ. ಏಳನೇ ವಯಸ್ಸಿನಲ್ಲಿ ನಾನು ಹಾಗೆ ಬಾಗಿಲಿನಿಂದ ಓಡಿ ಬಂದಿದ್ದೆನೇ ಎನ್ನುವುದೂ, ಎಷ್ಟು ಹುಡುಕಿದರೂ, ನನಗೆ ನೆನಪಿಲ್ಲ.